ಕೇಳದೆ ಹೊಗಳುವ ಕಸುಬು

ಕನ್ನಡದಲ್ಲಿ ಪುಸ್ತಕಕ್ಕೆ ವಿಮರ್ಶೆ ಉಂಟು, ಸಿನಿಮಾಕ್ಕೆ ಉಂಟು, ನಾಟಕಕ್ಕೆ ಉಂಟು, ಈಚೀಚೆಗೆ ಹೋಟೆಲಿನ ಬೆಣ್ಣೆದೋಸೆಗೂ ಉಂಟು. ಹಾಡಿನ ಕ್ಯಾಸೆಟ್ಟಿಗೆ ಇರಲಿಲ್ಲ, ಸಿ.ಡಿ.ಗೆ ಇರಲಿಲ್ಲ, ಈಗ ಫೋನಿಗೆ ಬಂದು ಬೀಳುವ ಆಲ್ಬಮ್ಮಿಗೂ ಇಲ್ಲ. ಅಲ್ಲೊಂದು ಇಲ್ಲೊಂದು ಬಂದಿರಬಹುದು, ಆದರೆ ಅದು ಪದ್ಧತಿಯಾಗಲಿಲ್ಲ. ಪದ್ಧತಿಯಾಗಿ ಬೆಳೆದದ್ದು ಬಿಡುಗಡೆ ಸಮಾರಂಭ. ಹೊಸ ಹಾಡು ಹೇಗಿದೆ ಎಂದು ಹೇಳುವ ಕೆಲಸವನ್ನು ನಾವು ಮುಖ್ಯ ಅತಿಥಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಅವರು ಕೇಳದೆಯೇ ಹೊಗಳುತ್ತಾರೆ. ಇದೊಂದು ಸಣ್ಣ ಕೊರತೆ, ಇದಕ್ಕೇಕೆ ಇಷ್ಟು ಮಾತು ಎನ್ನುವವರ ಜೊತೆ ನನ್ನ ತಕರಾರಿದೆ.

ಈ ಮಾತಾಡಲು ನನಗಿರುವ ಅಧಿಕಾರ ದೊಡ್ಡದೇನಲ್ಲ. ಕನ್ನಡ ಮೇಷ್ಟ್ರ ಕೆಲಸ ನನ್ನನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಸುತ್ತಾಡಿಸಿತು. ನಾನು ಕೆಲಸಕ್ಕೆ ಸೇರಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೂರೂ ಅಲ್ಲಿಗೆ ಬಂದವು. ಹೊನ್ನಾಳಿ ತಾಲ್ಲೂಕಿನೊಳಗಿದ್ದ ನ್ಯಾಮತಿ 2018ರಲ್ಲಿ ತಾನೇ ತಾಲ್ಲೂಕಾಯಿತು. ಗಡಿ ಬದಲಾದರೂ ಹಾಡು ಬದಲಾಗಲಿಲ್ಲ. ಈ ಊರುಗಳಲ್ಲಿ ಇದ್ದಷ್ಟು ಕಾಲ ನಾನು ಒಂದು ವಾರಪತ್ರಿಕೆಗೆ ಹೊಸ ಕ್ಯಾಸೆಟ್ಟುಗಳ ಬಗ್ಗೆ ಬರೆಯುತ್ತಿದ್ದೆ. ಭಾವಗೀತೆ, ವಚನ, ತತ್ವಪದ, ಸೋಬಾನೆ, ಲಂಬಾಣಿ ಹಾಡು, ಭಜನೆ, ಸಿನಿಮಾ, ಏನು ಬಂದರೂ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ ಬರೆಯುವುದು ನನ್ನ ನಿಯಮ. ಈ ನಿಯಮವೇ ನನಗೆ ಶತ್ರುಗಳನ್ನು ಸಂಪಾದಿಸಿಕೊಟ್ಟಿತು.

ಹೊನ್ನಾಳಿಯಲ್ಲಿ ನಡೆದ ಒಂದು ಬಿಡುಗಡೆಯ ವಿಚಾರ ಹೇಳಬೇಕು. ಸ್ಥಳೀಯ ಗಾಯಕರೊಬ್ಬರ ಭಾವಗೀತೆಗಳ ಧ್ವನಿಸುರುಳಿ. ವೇದಿಕೆಯ ಮೇಲೆ ಹದಿನಾಲ್ಕು ಜನ. ಬಣ್ಣದ ಕಾಗದ ಬಿಚ್ಚಿದರು, ಕ್ಯಾಸೆಟ್ಟನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊ ತೆಗೆಸಿಕೊಂಡರು. ಎರಡೂಕಾಲು ಗಂಟೆ ಭಾಷಣ ಆಯಿತು. ಒಬ್ಬರು ಗಾಯಕನನ್ನು ತುಂಗಭದ್ರೆಗೆ ಹೋಲಿಸಿದರು, ಇನ್ನೊಬ್ಬರು ಕೋಗಿಲೆಗೆ, ಮೂರನೆಯವರು ನೇರವಾಗಿ ಸಿ. ಅಶ್ವತ್ಥರಿಗೆ. ಆ ಎರಡೂಕಾಲು ಗಂಟೆಯಲ್ಲಿ ಕ್ಯಾಸೆಟ್ಟಿನ ಒಂದೇ ಒಂದು ಹಾಡನ್ನೂ ಹಾಕಲಿಲ್ಲ. ವೇದಿಕೆಯ ಪಕ್ಕದಲ್ಲೇ ಟೇಪ್‌ರೆಕಾರ್ಡರ್ ಇತ್ತು. ಅದರಲ್ಲಿ ನಾಡಗೀತೆ ಮಾತ್ರ ಬಂತು. ಮರುದಿನ ಪತ್ರಿಕೆಯಲ್ಲಿ ‘ಸುಮಧುರ ಗೀತೆಗಳ ಗುಚ್ಛ ಲೋಕಾರ್ಪಣೆ’ ಎಂದು ವರದಿ ಬಂತು. ವರದಿಗಾರ ನನ್ನ ಪಕ್ಕದಲ್ಲೇ ಕುಳಿತಿದ್ದ. ಅವನ ಕಿವಿಗೂ ಒಂದು ಹಾಡು ಬಿದ್ದಿರಲಿಲ್ಲ.

ನಾನು ಆ ಕ್ಯಾಸೆಟ್ಟನ್ನು ಕೊಂಡು, ಕೇಳಿ, ಬರೆದೆ. ಹತ್ತರಲ್ಲಿ ಎರಡು ಹಾಡು ನಿಜವಾಗಿ ಚೆನ್ನಾಗಿವೆ, ಉಳಿದ ಎಂಟು ಹಾಡುಗಳಲ್ಲಿ ಗಾಯಕರು ತಮ್ಮ ದನಿ ಬಿಟ್ಟು ಅಶ್ವತ್ಥರ ದನಿ ಹುಡುಕುತ್ತಿದ್ದಾರೆ ಎಂದು ಬರೆದೆ. ಪತ್ರಿಕೆಯಲ್ಲಿ ಮೊದಲರ್ಧ ಮಾತ್ರ ಅಚ್ಚಾಯಿತು. ಕೇಳಿದ್ದಕ್ಕೆ, ಗಾಯಕರ ಭಾವ ಜಾಹೀರಾತು ಕೊಡುತ್ತಾರೆ ಮೇಷ್ಟ್ರೇ, ಎಂಬ ಉತ್ತರ ಬಂತು. ಎರಡು ಹಾಡು ಚೆನ್ನಾಗಿವೆ ಎಂಬ ನನ್ನ ಮಾತಿಗೆ ಬೆಲೆ ಬರುವುದು ಎಂಟು ಚೆನ್ನಾಗಿಲ್ಲ ಎಂಬ ಮಾತಿನಿಂದ. ಅದನ್ನು ಕತ್ತರಿಸಿದ ಮೇಲೆ ಉಳಿದದ್ದೂ ಜಾಹೀರಾತೇ.

ನಮಗೆ ವಿಮರ್ಶೆಯ ಪರಂಪರೆಯೇ ಇಲ್ಲ ಎಂದಲ್ಲ. ಕಛೇರಿಗಳ ಬಗ್ಗೆ ಬಿ.ವಿ.ಕೆ. ಶಾಸ್ತ್ರಿಯವರಂಥವರು ತಿಳಿದು ಬರೆದರು. ಸುಬ್ಬುಡು ಎಂಬ ಹೆಸರಿನ ಪಿ.ವಿ. ಸುಬ್ರಹ್ಮಣ್ಯಂ ಅವರ ಲೇಖನಿಗೆ ದೊಡ್ಡ ದೊಡ್ಡ ವಿದ್ವಾಂಸರು ಹೆದರುತ್ತಿದ್ದರು. ಆದರೆ ಕಛೇರಿ ಒಂದು ಸಂಜೆಯ ಮಾತು. ಧ್ವನಿಮುದ್ರಿಕೆ ಹಾಗಲ್ಲ. ಅದು ಮನೆಗೆ ಬರುತ್ತದೆ, ಸಾವಿರ ಸಲ ತಿರುಗುತ್ತದೆ, ಮಕ್ಕಳು ಅದನ್ನೇ ಮೂಲವೆಂದು ಕಲಿಯುತ್ತವೆ. ಅದರಲ್ಲಿ ತಪ್ಪಿದ ಸಾಲು ಮುಂದಿನ ತಲೆಮಾರಿಗೆ ಸರಿಯಾದ ಸಾಲಾಗುತ್ತದೆ. ಅಮೆರಿಕದಲ್ಲಿ 1967ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಹುಟ್ಟಿ ಹೊಸ ರೆಕಾರ್ಡುಗಳನ್ನು ತೂಗಲು ಶುರುಮಾಡಿತು. 1969ರಲ್ಲಿ ರಾಬರ್ಟ್ ಕ್ರಿಸ್ಟ್‌ಗಾವ್ ಎಂಬಾತ ‘ವಿಲೇಜ್ ವಾಯ್ಸ್’ನಲ್ಲಿ ಹೊಸ ರೆಕಾರ್ಡುಗಳಿಗೆ ಮೇಷ್ಟ್ರು ಉತ್ತರ ಪತ್ರಿಕೆಗೆ ಹಾಕುವಂತೆ ಗ್ರೇಡು ಹಾಕತೊಡಗಿದ. ಹಾಡಿಗೆ ಗ್ರೇಡು ಹಾಕುವುದು ನನಗೇನೂ ಇಷ್ಟವಲ್ಲ. ಆದರೆ ಕೊಳ್ಳುವವನ ದುಡ್ಡಿಗೆ, ಅವನ ಒಂದು ಗಂಟೆಯ ಹೊತ್ತಿಗೆ ಬೆಲೆ ಇದೆ ಎಂದು ಆತ ತಿಳಿದಿದ್ದ. ನಮ್ಮಲ್ಲಿ ಕೇಳುಗನಿಗೆ ಆ ಮರ್ಯಾದೆ ಸಿಗಲಿಲ್ಲ.

ಸಿಕ್ಕಿದ್ದರೆ ಅದು ಕ್ಯಾಸೆಟ್ ಅಂಗಡಿಯಲ್ಲಿ ಮಾತ್ರ. ಕ್ಯಾಸೆಟ್ಟು ಬರುವ ಮುಂಚೆ ಹಾಡು ಮುದ್ರಿಸುವ ಕೆಲಸ ಎಚ್.ಎಂ.ವಿ.ಯಂಥ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿತ್ತು. 1980ರ ದಶಕದಲ್ಲಿ ಆ ಬಾಗಿಲು ಮುರಿದುಬಿತ್ತು. ಉತ್ತರ ಭಾರತದಲ್ಲಿ ಇದು ಹೇಗಾಯಿತೆಂದು ಪೀಟರ್ ಮ್ಯಾನ್ಯುಯೆಲ್ ತಮ್ಮ 1993ರ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ವಿವರಿಸಿದ್ದಾರೆ. ನಮ್ಮಲ್ಲಿ ಆದದ್ದೂ ಅದೇ. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಭಾವಗೀತೆಯ ಕ್ಯಾಸೆಟ್ಟಿಗೆ ದಾರಿ ತೆರೆಯಿತು. 1987ರಲ್ಲಿ ‘ಪ್ರೇಮಲೋಕ’ದ ಹಾಡುಗಳು ಹಳ್ಳಿಯ ಟ್ರ್ಯಾಕ್ಟರಿನವರೆಗೆ ಹೋದವು. ಆಮೇಲೆ ಯಾರು ಬೇಕಾದರೂ ಹಾಡಿ ಕ್ಯಾಸೆಟ್ಟು ತರಬಹುದೆಂದಾಯಿತು. ಒಳ್ಳೆಯದೇ ಆಯಿತು. ಆದರೆ ಬಾಗಿಲು ತೆರೆದ ಮೇಲೆ ಕಾಳು ಜೊಳ್ಳು ಬೇರೆ ಮಾಡುವವರು ಬೇಕಲ್ಲ?

ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯೊಂದಿತ್ತು. ಚೀಟಿಯಲ್ಲಿ ಹಾಡುಗಳ ಪಟ್ಟಿ ಕೊಟ್ಟರೆ ಸಂಜೆಯ ಹೊತ್ತಿಗೆ ರೆಡಿ. ಅದು ಕಾನೂನಿಗೆ ವಿರುದ್ಧವಾದ ವ್ಯಾಪಾರ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಅಂಗಡಿಯವನ ಕಿವಿಯ ಬಗ್ಗೆ ನನಗೆ ಗೌರವವಿತ್ತು. ‘ಇದ್ರಾಗೆ ಎರಡೇ ಹಾಡು ಚೆನ್ನಾಗಿರೋವು ಸಾರ್, ಉಳಿದಿದ್ದೆಲ್ಲ ಹೊಟ್ಟು. ಇಡೀ ಕ್ಯಾಸೆಟ್ಟು ತಗಾಬೇಡಿ’ ಎನ್ನುತ್ತಿದ್ದ. ಅವನಿಗಿಂತ ಕಟುವಾದ ವಿಮರ್ಶಕರು ಅಡಿಕೆ ಸುಲಿಯುವ ಹೆಂಗಸರು. ಸುಗ್ಗಿಯಲ್ಲಿ ರಾತ್ರಿ ಹನ್ನೆರಡರವರೆಗೆ ಕತ್ತಿಯ ಮುಂದೆ ಕೂತು ಸುಲಿಯುವಾಗ ಪಕ್ಕದಲ್ಲಿ ಟೇಪು ಹಾಡುತ್ತಲೇ ಇರಬೇಕು. ಹೆಸರಾಂತ ಗಾಯಕರೊಬ್ಬರ ಹೊಸ ಕ್ಯಾಸೆಟ್ಟನ್ನು ನಾನೇ ಒಯ್ದು ಹಾಕಿಸಿದಾಗ ಮೂರನೆಯ ಹಾಡಿಗೆ ಒಬ್ಬಾಕೆ, ‘ಏ ತಮ್ಮಾ, ಆ ಅಳೋ ಗಂಡಸನ್ನ ಬಂದ್ ಮಾಡೋ, ನಿದ್ದೆ ಬರ್ತೈತೆ’ ಅಂದಳು. ಅವಳು ಹೇಳಿದ್ದನ್ನು ಸಭ್ಯ ಕನ್ನಡದಲ್ಲಿ ಬರೆದರೆ ಒಂದು ಪುಟದ ವಿಮರ್ಶೆಯಾಗುತ್ತದೆ. ಆ ಅಂಗಡಿ ಈಗಿಲ್ಲ. ಕೇಳುಗರ ಇಂಥ ಮಾತನ್ನು ಅಚ್ಚಿಗೆ ತರುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎಲ್ಲ ಬಗೆಯ ಹಾಡನ್ನೂ ಒಬ್ಬನೇ ಹೇಗೆ ತೂಗುತ್ತಾನೆ ಎಂದು ಕೇಳುವವರಿದ್ದಾರೆ. ಅಡಿಕೆ ಅಳೆಯುವ ತಕ್ಕಡಿಯಲ್ಲಿ ಬಂಗಾರ ತೂಗಲಾಗದು, ನಿಜ. ಆದರೆ ತಕ್ಕಡಿ ಬದಲಾದರೂ ಮುಳ್ಳು ನೋಡುವ ಕಣ್ಣು ಒಂದೇ. ನನ್ನ ಪ್ರಶ್ನೆಗಳು ಸರಳ. ಮಾತು ಕೇಳಿಸುತ್ತದೆಯೆ? ಹಾಡುವವರು ತಮ್ಮ ದನಿಯಲ್ಲಿ ಹಾಡುತ್ತಿದ್ದಾರೆಯೆ? ವಾದ್ಯ ಹಾಡಿಗೆ ಜಾಗ ಬಿಟ್ಟಿದೆಯೆ? ಈ ಹಾಡು ಯಾವ ಹೊತ್ತಿನದು, ಯಾವ ಕೆಲಸದ್ದು ಎಂಬುದು ಮುದ್ರಿಸಿದವರಿಗೆ ಗೊತ್ತಿದೆಯೆ? ಹೊದಿಕೆಯ ಮೇಲೆ ಯಾರ ಹೆಸರಿದೆ, ಯಾರ ಹೆಸರಿಲ್ಲ?

ತತ್ವಪದವನ್ನೇ ತೆಗೆದುಕೊಳ್ಳಿ. ಏಕತಾರಿ, ದಮ್ಮಡಿ, ತಾಳ, ಇಷ್ಟರಲ್ಲಿ ಬದುಕಿದ ಹಾಡು ಅದು. ನಮ್ಮ ಕಡೆ ಈಗ ಬರುವ ತತ್ವಪದದ ಆಲ್ಬಮ್ಮುಗಳಲ್ಲಿ ಏಕತಾರಿ ಹೊದಿಕೆಯ ಚಿತ್ರದಲ್ಲಷ್ಟೇ ಇರುತ್ತದೆ, ಒಳಗೆ ಕೀಬೋರ್ಡು. ಹೊಸತು ಬರಲೇಬಾರದು ಎಂಬ ಮಡಿವಂತಿಕೆ ನನ್ನದಲ್ಲ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಎರಡು ಪದಗಳನ್ನು ಗಿಟಾರಿಗೆ ಕಟ್ಟಿದರು. ಅಲ್ಲಿ ಗಿಟಾರು ಪದದ ನಡೆಯನ್ನು ಹಿಡಿದು ನಡೆಯುತ್ತದೆ, ಅದರ ಮೇಲೆ ಕೂರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಲಂಡನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ 2011ರಲ್ಲಿ ಅವರಿಗೆ ವರ್ಷದ ಹೊಸಬರ ಪ್ರಶಸ್ತಿ ಕೊಟ್ಟಿತು. ಪ್ರಪಂಚದ ನಾನಾ ಸಂಗೀತಗಳ ಹೊಸ ಆಲ್ಬಮ್ಮುಗಳನ್ನು ಕೇಳಿ ತೂಗುವುದೇ ಆ ಪತ್ರಿಕೆಯ ಕೆಲಸ. ಕನ್ನಡ ಬಾರದವರು ಕೂತು ಕೇಳಿದರು. ಕನ್ನಡಿಗರ ಬಾಯಲ್ಲಿ ನಾನು ಕೇಳಿದ ಚರ್ಚೆಯೆಲ್ಲ ಅವರ ಲುಂಗಿ, ಕಾಲಿನ ಗೆಜ್ಜೆಯ ಬಗ್ಗೆ.

ವಚನದ ಕಥೆ ಇನ್ನೂ ಸಪ್ಪೆ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ ಮುದ್ರಿಕೆಗಳಲ್ಲಿ ರಾಗ ಎಷ್ಟು ದೊಡ್ಡದಾದರೂ ವಚನದ ಮಾತು ಅದರಲ್ಲಿ ಮುಳುಗುವುದಿಲ್ಲ. ಈಗ ಪ್ರತಿ ಜಯಂತಿಗೂ ಒಂದು ವಚನ ಆಲ್ಬಂ ಬರುತ್ತದೆ. ಅದೇ ಕೊಳಲಿನ ಪೀಠಿಕೆ, ಅದೇ ತಬಲಾ, ಅಲ್ಲಮನಿಗೂ ಅಕ್ಕನಿಗೂ ಒಂದೇ ಮಟ್ಟು. ಪುಣ್ಯದ ಕೆಲಸ ಎಂದು ಯಾರೂ ಬಾಯಿ ಬಿಡುವುದಿಲ್ಲ. ತಮ್ಮ ಕಾಲದ ದೊಡ್ಡವರನ್ನೆಲ್ಲ ಪ್ರಶ್ನಿಸಿದವರ ಮಾತನ್ನು ಹಾಡುವವರು ತಾವು ಮಾತ್ರ ಪ್ರಶ್ನೆಗೆ ಹೊರತು ಎಂದುಕೊಳ್ಳುವುದು ಯಾವ ನ್ಯಾಯ?

ಇನ್ನು ನ್ಯಾಮತಿ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಈ ತಾಲ್ಲೂಕಿನಲ್ಲೇ. ಸುತ್ತ ತಾಂಡಾಗಳಿವೆ. ಅಲ್ಲಿನ ಹುಡುಗರು ಲಂಬಾಣಿ ಹಾಡುಗಳ ಒಂದು ಆಲ್ಬಂ ತಂದುಕೊಟ್ಟರು. ನನಗೆ ಗೋರ್‌ಬೋಲಿ ಬಾರದು. ತಾಂಡಾದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಭರ್ಜರಿ ಡೋಲಿನ ಹಾಡೊಂದು ಬಂದಾಗ ಅವಳ ಮುಖ ಸಣ್ಣದಾಯಿತು. ‘ಸಾರ್, ಇದು ಢಾವಲೋ. ಮದುವೆಯಾಗಿ ಹೋಗುವಾಗ ಹುಡುಗಿ ತವರಿನವರ ಕೊರಳು ತಬ್ಬಿ ಅಳುತ್ತಾ ಹೇಳೋದು. ಇದಕ್ಕೆ ಡಿಜೆ ಹಾಕಿದ್ದಾರಲ್ಲ’ ಎಂದಳು. ಆಲ್ಬಂ ತಂದ ಹುಡುಗರನ್ನು ಕರೆಸಿ ಈ ಮಾತು ಹೇಳಿದೆ. ಅವರು ಸಿಟ್ಟಾಗಲಿಲ್ಲ. ನಮ್ಮ ಅಜ್ಜಿಯೂ ಇದನ್ನೇ ಹೇಳಿದಳು ಸಾರ್, ಸ್ಟುಡಿಯೋದವರು ಕೇಳಲಿಲ್ಲ, ಎಂದರು. ವಿಮರ್ಶೆ ಎಂದರೆ ಆ ಅಜ್ಜಿಯ ಮಾತಿಗೆ ಸ್ಟುಡಿಯೋದವನು ಕಿವಿಗೊಡುವಂತೆ ಮಾಡುವುದು. ಇದಕ್ಕಿಂತ ದೊಡ್ಡ ವ್ಯಾಖ್ಯೆ ನನಗೆ ಬೇಕಿಲ್ಲ.

ರ‍್ಯಾಪ್ ಕೇಳಿದರೆ ನನ್ನ ವಯಸ್ಸಿನವರು ಮೂಗು ಮುರಿಯುತ್ತಾರೆ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರಿಂದ ಅದು ಕನ್ನಡದ ಹುಡುಗರ ಬಾಯಿಗೆ ಬಂದಿದೆ. ಬಂದದ್ದನ್ನು ಕೇಳಬೇಕು. ಚನ್ನಗಿರಿ ಕಡೆಯ ಹುಡುಗನೊಬ್ಬ ಅಡಿಕೆ ರೇಟಿನ ಮೇಲೆ ಕಟ್ಟಿದ್ದಾನೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಮಂಡಿಯ ಮಾತುಗಳನ್ನು ತಾಳಕ್ಕೆ ಕೂರಿಸಿದ ಅವನ ಜಾಣತನ ಯಾವ ಕವಿಗೂ ಕಡಿಮೆಯದಲ್ಲ. ಆದರೆ ‘ಅಡಿಕೆ’ ಎಂಬ ಶಬ್ದವನ್ನೇ ಅವನು ಪರದೇಶಿಯಂತೆ ಉಚ್ಚರಿಸುತ್ತಾನೆ. ಅದನ್ನು ಅವನಿಗೆ ಹೇಳುವವರಿಲ್ಲ. ಬೈಯುವವರಿದ್ದಾರೆ, ಬೆನ್ನು ತಟ್ಟುವವರಿದ್ದಾರೆ. ಹೇಳುವವರು ಬೇರೆ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಹೊದಿಕೆಯ ಮೇಲೆ ಯಾರ ಹೆಸರಿಲ್ಲ ಎಂಬ ಪ್ರಶ್ನೆ.

ಹಾಡಿನ ಮುದ್ರಣ ಹೆಸರಿನ ಜೊತೆ ಆಟವಾಡುವುದು ಹೊಸದಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವರು ಗಂಗೂಬಾಯಿಯಾಗಿಯೇ ಬೆಳೆದರು, ಲೋಕ ಅವರನ್ನು ಗುರುತಿಸಿತು. ಸೋಬಾನೆ ಹೇಳುವ, ಬೀಸುವ ಪದ ಹೇಳುವ ಹೆಂಗಸಿಗೆ ಆ ಭಾಗ್ಯವಿಲ್ಲ. ಕೆಲವರು ಮರ್ಯಾದೆಯಿಂದ ನಡೆದುಕೊಂಡಿದ್ದಾರೆ. ಜಗಳೂರಿನ ನೆರೆಯ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದರಿಂದ ಹಾಡಿನ ಜೊತೆ ಸಿರಿಯಜ್ಜಿಯ ಹೆಸರೂ ಉಳಿಯಿತು. 1965ರಲ್ಲಿ ಶುರುವಾದ ನಮ್ಮ ಭದ್ರಾವತಿ ಆಕಾಶವಾಣಿಯಲ್ಲಿ ಜನಪದ ಗೀತೆ ಬಂದರೆ ‘ಹಾಡಿದವರು ಇಂಥವರು ಮತ್ತು ಸಂಗಡಿಗರು’ ಎಂಬ ಒಂದು ಮಾತು ಇರುತ್ತಿತ್ತು. ಸಂಗಡಿಗರ ಹೆಸರು ಬಾರದಿದ್ದರೂ ಒಬ್ಬರದಾದರೂ ಬರುತ್ತಿತ್ತು.

ಕ್ಯಾಸೆಟ್ಟಿನವರು ಅಷ್ಟನ್ನೂ ಮಾಡಲಿಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಿ ಬೆಳಗಿನ ಜಾವದವರೆಗೆ ಹೇಳುವಷ್ಟು ಮದುವೆ ಹಾಡು ಬಲ್ಲವಳು. ಆಕೆಯನ್ನು ಕರೆದೊಯ್ದು ಹಾಡಿಸಿದರು. ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ಗಂಟೆ. ಒಂದೊಂದು ಹಾಡನ್ನೂ ನಾಲ್ಕು ನಿಮಿಷಕ್ಕೆ ಕತ್ತರಿಸಿದರು. ಹೊದಿಕೆಯ ಮೇಲೆ ಸಂಗ್ರಹಕಾರರ ಹೆಸರು ದಪ್ಪ ಅಕ್ಷರದಲ್ಲಿ, ಸಂಗೀತ ಸಂಯೋಜಕರ ಹೆಸರು ಅದಕ್ಕಿಂತ ದಪ್ಪ. ಹಾಡಿದವರು ‘ಗ್ರಾಮೀಣ ಕಲಾವಿದರು’. ಕೈಗೆ ಕೊಟ್ಟದ್ದು ಬಸ್ ಚಾರ್ಜು ಮತ್ತು ಒಂದು ಸೀರೆ. ಅಜ್ಜಿ ತೀರಿಕೊಂಡ ಮೇಲೆ ಆಕೆಯ ಮೊಮ್ಮಗ ಆ ಕ್ಯಾಸೆಟ್ಟಿನ ಹಾಡಿಗೆ ಅಜ್ಜಿಯ ಫೋಟೊ ಹಾಕಿ ಯೂಟ್ಯೂಬಿನಲ್ಲಿ ಬಿಟ್ಟ. ಎರಡೇ ದಿನಕ್ಕೆ, ಇದರ ಧ್ವನಿ ನಿಮ್ಮದಲ್ಲ, ಇಂಥ ಕಂಪನಿಯದು ಎಂಬ ನೋಟೀಸು ಬಂತು. ಹುಡುಗ ಅದನ್ನು ನನಗೆ ತೋರಿಸಿ, ‘ಸಾರ್, ಇದು ನಮ್ಮಜ್ಜಿ ದನಿ ಅಲ್ಲ ಅಂತಾರಲ್ಲ’ ಎಂದ.

ಕಾನೂನಿನ ಪ್ರಕಾರ ಮುದ್ರಣದ ಹಕ್ಕು ಕಂಪನಿಯದೇ, 60 ವರ್ಷದವರೆಗೆ. ಜನಪದ ಹಾಡಿಗೆ ಒಡೆಯರಿಲ್ಲ, ಅದರ ಮುದ್ರಣಕ್ಕೆ ಒಡೆಯರಿದ್ದಾರೆ. ಆದರೆ ಅದೇ ಕಾನೂನು 1994ರ ತಿದ್ದುಪಡಿಯಲ್ಲಿ ಹಾಡುವವರಿಗೂ ಹಕ್ಕಿದೆ ಎಂದಿತು. 2012ರ ತಿದ್ದುಪಡಿಯಲ್ಲಿ, ಹಾಡಿದವರನ್ನು ಹಾಡಿದವರೆಂದು ಹೆಸರಿಸಬೇಕು ಎಂಬುದನ್ನೂ ಅವರ ಹಕ್ಕಾಗಿ ಬರೆಯಿತು. ಈ ಹಕ್ಕು ಜಗಳೂರಿನ ಹಳ್ಳಿಗೆ ತಲುಪುವುದು ಹೇಗೆ? ಅಜ್ಜಿ ಕೋರ್ಟಿಗೆ ಹೋಗುವಳೆ? ಆ ಕ್ಯಾಸೆಟ್ಟು ಬಂದಾಗ ಒಬ್ಬ ವಿಮರ್ಶಕ, ಹಾಡುಗಳು ಚೆನ್ನಾಗಿವೆ, ಹೇಳಿದಾಕೆ ಯಾರು, ಎಂದು ಒಂದು ಸಾಲು ಬರೆದಿದ್ದರೆ ಆಕೆಯ ಹೆಸರು ಎಲ್ಲೋ ಒಂದು ಕಡೆ ಅಚ್ಚಾಗುತ್ತಿತ್ತು. ಅದರ ಬದಲು ಎರಡು ಪತ್ರಿಕೆಗಳಲ್ಲಿ ಬಿಡುಗಡೆಯ ಫೋಟೊ ಬಂತು. ಅದರಲ್ಲಿ ಶಾಸಕರಿದ್ದರು, ಸಂಗ್ರಹಕಾರರಿದ್ದರು. ಅಜ್ಜಿ ಇರಲಿಲ್ಲ.

ಆಕ್ಷೇಪಗಳು ನನಗೆ ಗೊತ್ತಿವೆ. ಪಾಪ, ಬಡ ಕಲಾವಿದರು, ಸಾಲ ಮಾಡಿ ಆಲ್ಬಂ ತಂದಿರುತ್ತಾರೆ, ಟೀಕೆ ಯಾಕೆ ಎನ್ನುತ್ತಾರೆ. ಸಾಲ ಮಾಡಿದವನಿಗೆ ಸುಳ್ಳು ಹೇಳಿ ಎರಡನೆಯ ಸಾಲಕ್ಕೆ ತಳ್ಳುವುದು ಕರುಣೆಯೆ? ಹೊನ್ನಾಳಿಯ ಆ ಗಾಯಕರು ಆಮೇಲೆ ಇನ್ನೂ ಮೂರು ಕ್ಯಾಸೆಟ್ಟು ತಂದರು, ಮೂರರಲ್ಲೂ ಅಶ್ವತ್ಥರನ್ನೇ ಹುಡುಕಿದರು. ಅವರ ಸ್ವಂತ ದನಿಯ ಆ ಎರಡು ಹಾಡಿನ ದಾರಿಯಲ್ಲಿ ಹೋಗಿ ಎಂದು ಹೇಳಬೇಕಾದವರು ಕೋಗಿಲೆಯ ಹೋಲಿಕೆ ಕೊಟ್ಟು ಮನೆಗೆ ಹೋದರು.

ಇನ್ನೊಂದು ಮಾತು, ಈಗ ಜನರೇ ಲೈಕು ಒತ್ತುತ್ತಾರಲ್ಲ, ವಿಮರ್ಶಕ ಯಾಕೆ ಎಂಬುದು. ಎಷ್ಟು ಜನ ಒತ್ತಿದರು ಎಂದು ಗೊತ್ತಾಗುತ್ತದೆ, ಏನು ಕೇಳಿದರು ಎಂದು ಗೊತ್ತಾಗುವುದಿಲ್ಲ. 78ರ ಪ್ಲೇಟು ರಾಗವನ್ನು ಮೂರೂವರೆ ನಿಮಿಷಕ್ಕೆ ಇಳಿಸಿತ್ತು, ಆಗ ಹಾಡುವವರು ಆ ಮೂರೂವರೆ ನಿಮಿಷದಲ್ಲೇ ರಾಗದ ಮುಖ ತೋರಿಸಲು ಕಲಿತರು. ಈಗ ಮೂವತ್ತು ಸೆಕೆಂಡಿನ ರೀಲ್ಸಿಗೆ ಹಾಡು ಕಟ್ಟುತ್ತಿದ್ದಾರೆ. ಅದರಿಂದಲೂ ಒಂದು ಕಲೆ ಹುಟ್ಟಬಹುದು. ಹುಟ್ಟಿತೋ ಇಲ್ಲವೋ ಎಂದು ಹೇಳಲಾದರೂ ಯಾರೋ ಒಬ್ಬರು ಮೂವತ್ತೊಂದನೆಯ ಸೆಕೆಂಡಿನವರೆಗೆ ಕಾಯಬೇಕಲ್ಲ.

ಮೂರನೆಯದು, ಇದೆಲ್ಲ ಬೆಂಗಳೂರಿನ ದೊಡ್ಡ ಪತ್ರಿಕೆಗಳ ಕೆಲಸ, ಚನ್ನಗಿರಿಯಲ್ಲಿ ಕೂತು ಏನು ಮಾಡುತ್ತೀರಿ ಎಂಬುದು. ಢಾವಲೋ ಯಾವುದು, ಡಿಜೆ ಹಾಡು ಯಾವುದು ಎಂದು ಬೆಂಗಳೂರಿಗೆ ಗೊತ್ತಾಗುವುದಿಲ್ಲ, ನ್ಯಾಮತಿಗೆ ಗೊತ್ತಾಗುತ್ತದೆ. ಗೊರಬಲು ಎಂದರೇನೆಂದು ಚನ್ನಗಿರಿಯ ಮಂಡಿಯ ಹಮಾಲರಿಗೆ ಗೊತ್ತು. ಆಲ್ಬಂ ಎಲ್ಲಿ ಹುಟ್ಟುತ್ತದೋ ಅಲ್ಲೇ ಅದರ ಮೊದಲ ವಿಮರ್ಶೆಯೂ ಹುಟ್ಟಬೇಕು.

ನಾನು ಕೇಳುವುದು ಬಹಳವಿಲ್ಲ. ತಾಲ್ಲೂಕು ಸಾಹಿತ್ಯ ಸಮ್ಮೇಳನಗಳಲ್ಲಿ ಕವಿಗೋಷ್ಠಿಗೆ ಮೂವತ್ತು ಕವಿಗಳನ್ನು ಕೂರಿಸುತ್ತೀರಿ. ಒಂದು ಗಂಟೆ ಆ ವರ್ಷ ಬಂದ ಹಾಡಿನ ಆಲ್ಬಮ್ಮುಗಳಿಗೆ ಕೊಡಿ. ಭಾಷಣ ಬೇಡ, ಹಾಡು ಹಾಕಿ, ಆಮೇಲೆ ಮೂವರು ಮಾತಾಡಲಿ. ಮೂವರಲ್ಲಿ ಒಬ್ಬಾಕೆ ಆ ಬಗೆಯ ಹಾಡನ್ನು ಬಾಯಿಂದ ಬಾಯಿಗೆ ಕಲಿತವಳಿರಲಿ. ಜಿಲ್ಲಾ ಪತ್ರಿಕೆಗಳು ವಾರಕ್ಕೆ ಅರ್ಧ ಕಾಲಂ ಕೊಡಲಿ, ಅದರ ಕೆಳಗೆ ಅದೇ ಗಾಯಕರ ಜಾಹೀರಾತು ಹಾಕದಿರಲಿ. ಹಾಡಿದವರ ಹೆಸರು ಮತ್ತು ಊರು ಇಲ್ಲದ ಆಲ್ಬಮ್ಮನ್ನು ಯಾವ ಅತಿಥಿಯೂ ವೇದಿಕೆಯಲ್ಲಿ ಬಿಚ್ಚದಿರಲಿ. ಬಿಚ್ಚುವ ಮುಂಚೆ ಪೂರ್ತಿ ಒಂದು ಸಲ ಕೇಳಿರಬೇಕು ಎಂದೂ ಸೇರಿಸುತ್ತಿದ್ದೆ. ಹಾಗೆ ಹೇಳಿದರೆ ನಮ್ಮ ತಾಲ್ಲೂಕುಗಳಲ್ಲಿ ಅತಿಥಿಗಳೇ ಸಿಗಲಿಕ್ಕಿಲ್ಲ ಎಂದು ಗೆಳೆಯರು ಹೆದರಿಸುತ್ತಾರೆ. ಸಿಗದಿದ್ದರೆ ಒಳ್ಳೆಯದೇ ಆಯಿತು. ಆ ಎರಡೂಕಾಲು ಗಂಟೆಯಲ್ಲಿ ಇಡೀ ಕ್ಯಾಸೆಟ್ಟನ್ನು ಎರಡು ಸಲ ಹಾಕಬಹುದು.